ಕಪ್ಪಿನ ಅಡಿಯಲ್ಲಿ ನನ್ನ ಹೆಸರು

“ಕೆಳಗಡೆ ಹೆಸರು ಬರೆದುಬಿಡಿ ಸರ್. ಇಲ್ಲಾಂದ್ರೆ ಯಾರ್ದು ಯಾವ್ದು ಅಂತ ನಮಗೆ ಗೊತ್ತಾಗಲ್ಲ.”

ಆ ಹುಡುಗಿ ಹೇಳಿದ್ದು ಅಷ್ಟೇ. ಬಟ್ಟೆ ಇಸ್ತ್ರಿಗೆ ಕೊಟ್ಟಾಗ ಕಾಲರಿನ ಒಳಗೆ ಗುರುತು ಹಾಕುತ್ತಾರಲ್ಲ, ಅಂಥದ್ದೇ ಒಂದು ಮಾತು. ಆದರೆ ಕಾಫಿ ಕಪ್ಪನ್ನು ಬೋರಲು ಹಾಕಿ, ಅದರ ಅಡಿಯಲ್ಲಿ ನನ್ನ ಹೆಸರು ಬರೆಯಲು ಹೊರಟಾಗ ಕೈ ಯಾಕೋ ನಿಂತಿತು. ಎರಡು ಗಂಟೆ ಕೂತು ಬಣ್ಣ ಬಳಿದಿದ್ದೆ, ನಿಜ. ಆದರೆ ಕಪ್ಪನ್ನು ಮಾಡಿದವನು ನಾನಲ್ಲ. ಮುಂದೆ ಅದನ್ನು ಸುಡುವವನೂ ನಾನಲ್ಲ. ನಡುವೆ ಬಂದು ಒಂದಿಷ್ಟು ನೀಲಿ ಹಚ್ಚಿದವನು ಹೆಸರು ಬರೆದುಕೊಳ್ಳುವುದು ಅಂದ್ರೆ ಏನು? ನಮ್ಮ ಆಫೀಸಿನಲ್ಲಿ ಇಂಥವರನ್ನು ನಾನೇ ಆಡಿಕೊಂಡು ನಕ್ಕಿದ್ದೇನೆ. ಫೈಲಿನ ಕೆಲಸವೆಲ್ಲ ಕೆಳಗಿನವರು ಮಾಡಿರುತ್ತಾರೆ. ಕೊನೆಯ ಪುಟಕ್ಕೆ ಸಹಿ ಹಾಕಿದವರು ಮೀಟಿಂಗಿನಲ್ಲಿ ‘ನಾನು ಮಾಡಿದೆ’ ಅನ್ನುತ್ತಾರೆ.

ಬರೆದೆ ಬಿಡಿ. ಹುಡುಗಿ ಕಾಯುತ್ತಾ ನಿಂತಿದ್ದಳು, ಹಿಂದೆ ಇನ್ನೊಂದು ಕುಟುಂಬ ತಟ್ಟೆ ಹಿಡಿದು ನಿಂತಿತ್ತು. ಅಂಥ ಹೊತ್ತಿನಲ್ಲಿ ಯಾರು ಕೂತು ಯೋಚನೆ ಮಾಡುತ್ತಾರೆ? ಆದರೆ ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಚಪ್ಪಲಿಯೊಳಗೆ ಸಿಕ್ಕ ಸಣ್ಣ ಕಲ್ಲಿನ ಹಾಗೆ ಒತ್ತುತ್ತಲೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದನಿ

ಹೋಗಿದ್ದು ಮಗಳ ಒತ್ತಾಯಕ್ಕೆ. ಮೈಸೂರಿನ ಗೋಕುಲಂನಲ್ಲಿ, ಯೋಗ ಕಲಿಯಲು ಬರುವ ಫಾರಿನ್ನಿನವರನ್ನು ನಂಬಿಕೊಂಡು ಹುಟ್ಟಿದ ಕೆಫೆಗಳ ಸಾಲಿನ ಹಿಂದೆ, ಒಂದು ಹಳೇ ಮನೆ. ಅಂಗಳದಲ್ಲಿ ಸಂಪಿಗೆ ಮರ, ಕೆಂಪು ನೆಲ, ಕಿಟಕಿಗೆ ಮರದ ರೆಕ್ಕೆ. ಹಾಲಿನಲ್ಲಿ ಉದ್ದದ ಮೇಜುಗಳು. ಗೋಡೆಯುದ್ದಕ್ಕೂ ಬಿಳೀ ಪಾತ್ರೆಗಳ ಕಪಾಟು: ಕಪ್ಪು, ತಟ್ಟೆ, ಬಟ್ಟಲು, ಹೂದಾನಿ, ಬೆಕ್ಕಿನ ಆಕಾರದ ಉಪ್ಪಿನ ಡಬ್ಬಿ. ಯಾವುದಾದರೂ ಒಂದನ್ನು ಆರಿಸಿಕೊಂಡು ಬಣ್ಣ ಹಚ್ಚಿ ಬಿಟ್ಟು ಬರಬೇಕು. ಅವರು ಸುಟ್ಟು, ಹೊಳಪು ಕೊಟ್ಟು, ಹತ್ತು ದಿನದ ನಂತರ ಕೊಡುತ್ತಾರೆ. ಕಪ್ಪಿಗೆ 750 ರೂಪಾಯಿ, ಬಣ್ಣ, ಕುಂಚ, ಸುಡುವುದು ಎಲ್ಲ ಸೇರಿ. ದೇವರಾಜ ಮಾರ್ಕೆಟ್ಟಿನ ಆಚೀಚೆ ಇದೇ ದುಡ್ಡಿಗೆ ಮನೆಮಂದಿಗೆಲ್ಲ ಕಪ್ಪು ಬರುತ್ತಿತ್ತು ಅನ್ನುವ ಲೆಕ್ಕ ನನ್ನ ತಲೆಯಲ್ಲಿ ಬಾಗಿಲಲ್ಲೇ ಶುರುವಾಗಿತ್ತು. ಬಾಯಿ ಬಿಡಲಿಲ್ಲ. ಮಗಳು ಎಂಟನೇ ಕ್ಲಾಸು. ಆ ವಯಸ್ಸಿನವರ ಮುಂದೆ ಇಂಥ ಲೆಕ್ಕ ಹೇಳಿದರೆ ಒಂದು ವಾರ ಮಾತು ನಿಲ್ಲುತ್ತದೆ.

ಅವ್ವನೂ ಜೊತೆಗಿದ್ದಳು. ಮದ್ದೂರಿನ ಹತ್ತಿರದ ನಮ್ಮೂರಿನಿಂದ ಕಣ್ಣಿನ ಪೊರೆ ತೆಗೆಸಲು ಬಂದಿದ್ದಳು. ಒಂದು ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನವಾಗಿತ್ತು, ಇನ್ನೊಂದು ಬಾಕಿ. ಮುಖದ ಅರ್ಧ ಮುಚ್ಚುವ ಕರೀ ಕನ್ನಡಕ. ಅವಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟರೆ ಒಲೆ ಹತ್ತಿರ ಹೋಗಿಬಿಡುತ್ತಾಳೆ ಅಂತ ಹೆಂಡತಿಗೆ ಭಯ. ಹೆಂಡತಿ ಪರೀಕ್ಷೆಯ ಪೇಪರ್ ತಿದ್ದಲು ಕೂತಿದ್ದಳು. ಹಾಗಾಗಿ ನಾವು ಮೂವರು.

ನಾನು ಕಪಾಟಿನಿಂದ ಒಂದು ದಪ್ಪ ಹಿಡಿಯ ಕಪ್ಪು ತೆಗೆದೆ. ಅವ್ವ ಕೈಚಾಚಿ ಇಸಿದುಕೊಂಡಳು. ಕಣ್ಣಿಗೆ ಹಿಡಿಯಲಿಲ್ಲ, ಹಿಡಿದರೂ ಕಾಣುತ್ತಿರಲಿಲ್ಲ. ಎಡಗೈ ಬೆರಳ ತುದಿಗಳ ಮೇಲೆ ಕೂರಿಸಿಕೊಂಡು, ಬಲಗೈ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದಳು. ಕಿವಿ ಕೊಟ್ಟಳು. ಇನ್ನೊಮ್ಮೆ ತಟ್ಟಿದಳು.

“ಇದು ಬ್ಯಾಡ ಕನ್ಲಾ. ದನಿ ಸರಿ ಇಲ್ಲ.”

ಸಂತೆಯಲ್ಲಿ ಮಡಕೆ ಕೊಂಡವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನಾಗಿ ಬೆಂದ ಮಡಕೆ ಠಣ್ ಅನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಒಡೆದು ದಬ್ ಅಂತ ಸತ್ತುಹೋಗುತ್ತದೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುತ್ತದೆ. ಕುಂಬಾರ ಗುಂಡಯ್ಯ ಮಡಕೆ ತಟ್ಟುತ್ತಾ ತಟ್ಟುತ್ತಾ, ಆ ತಾಳಕ್ಕೆ ಶಿವನೇ ಬಂದು ಕುಣಿದ ಅಂತ ಶರಣರ ಕತೆ ಇದೆಯಲ್ಲ, ಆ ತಟ್ಟುವಿಕೆ ಬರೀ ಭಕ್ತಿಯದಲ್ಲ, ದಿನದ ಕಸುಬಿನದೂ ಹೌದು ಅನ್ನಿಸುತ್ತದೆ ನನಗೆ. ಮಾಡಿದ ಮಾಲು ಪರೀಕ್ಷೆ ಮಾಡುವ ಶಬ್ದ ಅದು.

ಆಮೇಲೆ ಅವ್ವನಿಗೆ ಅದೇ ಆಟವಾಯಿತು. ಕಪಾಟಿನ ಕೆಳಗಿನ ಸಾಲಿನಲ್ಲಿ ಒಂದೊಂದೇ ಎತ್ತಿ ತಟ್ಟತೊಡಗಿದಳು. ಠಣ್, ಠಣ್, ಠಣ್. ಮೇಜಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆ. ಹಳ್ಳಿಯಿಂದ ಬಂದು ಮೂವತ್ತು ವರ್ಷವಾದರೂ ಇಂಥ ಜಾಗದಲ್ಲಿ ನನ್ನೊಳಗಿನ ಹಳ್ಳಿ ಹೈದ ಮೈ ಮುದುಡುತ್ತಾನೆ. “ಸುಮ್ನೆ ಕೂತ್ಕೊ ಅವ್ವ, ಇವೆಲ್ಲ ಮಿಷನ್ನಲ್ಲಿ ಸುಟ್ಟಿರೋದು, ಒಡಕು ಇರಲ್ಲ” ಎಂದು ಅದೇ ಕಪ್ಪನ್ನು ಎತ್ತಿಕೊಂಡು ಹೋಗಿ ಕೂತೆ. ಹಟ ಅಂದರೆ ಹಟವೇ. ಅದರ ಹಿಡಿ ನನ್ನ ಕೈಗೆ ಸರಿಯಾಗಿ ಕೂತಿತ್ತು ಅನ್ನುವುದು ನಾನು ಆಮೇಲೆ ಕಟ್ಟಿಕೊಂಡ ಕಾರಣ.

ಹುಡುಗಿ ಮಾತ್ರ ಅವ್ವನ ಹತ್ತಿರ ಬಂದು ಕೂತಳು. ವಾರದ ದಿನಗಳಲ್ಲಿ ಕಾವಾ ಕಲಾ ಕಾಲೇಜಿನಲ್ಲಿ ಶಿಲ್ಪಕಲೆ ಓದುವವಳು, ಭಾನುವಾರ ಇಲ್ಲಿ ಕೆಲಸ.

“ಇವುನ್ನೆಲ್ಲ ಯಾರವ್ವ ಮಾಡ್ದೋರು?” ಅವ್ವ ಕೇಳಿದಳು.

“ಇವು ತಿಗರೀಲಿ ಮಾಡಿದ್ದಲ್ಲ ಅಜ್ಜಿ. ಅಚ್ಚಲ್ಲಿ ಹೊಯ್ದಿದ್ದು.”

“ಇಡ್ಲಿ ತರಾನಾ?”

ಹುಡುಗಿ ನಕ್ಕಳು. ಇಡ್ಲಿಯ ಹಾಗಲ್ಲವಂತೆ. ಜೇಡಿಮಣ್ಣನ್ನು ನೀರಲ್ಲಿ ಕಲಸಿ ದೋಸೆ ಹಿಟ್ಟಿಗಿಂತ ತೆಳ್ಳಗೆ ಮಾಡಿ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚಿಗೆ ತುಂಬುತ್ತಾರೆ. ಒಣ ಪ್ಲಾಸ್ಟರ್ ನೀರನ್ನು ಹೀರುತ್ತದೆ. ಹೀರಿದಂತೆಲ್ಲ ಅಚ್ಚಿನ ಗೋಡೆಗೆ ಅಂಟಿಕೊಂಡು ಮಣ್ಣು ಗಟ್ಟಿಯಾಗುತ್ತದೆ. ಬೇಕಾದಷ್ಟು ದಪ್ಪ ಬಂದ ಮೇಲೆ ನಡುವಿನ ನೀರುಮಣ್ಣನ್ನು ಬಗ್ಗಿಸಿ ಚೆಲ್ಲುತ್ತಾರೆ. ಉಳಿದ ಗೋಡೆಯೇ ಕಪ್ಪು. ಅದನ್ನು ಒಣಗಿಸಿ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಂದು ಸಲ ಸುಟ್ಟರೆ ಈ ಬಿಳೀ ಪಾತ್ರೆ. ಇಂಗ್ಲಿಷಿನಲ್ಲಿ ಬಿಸ್ಕ್ ಅನ್ನುತ್ತಾರೆ.

“ಮಜ್ಜಿಗೆ ಕುಡ್ದು ಲೋಟ ಇಟ್ರೆ ಗ್ವಾಡೆಗೆ ಅಂಟ್ಕತದಲ್ಲ, ಹಂಗೆ” ಎಂದಳು ಅವ್ವ. ಹುಡುಗಿ ಅದನ್ನು ಇನ್ನು ಮುಂದೆ ಬಂದವರಿಗೆಲ್ಲ ಹೇಳುತ್ತೇನೆ ಅಂದಳು. ಹೇಳುತ್ತಿದ್ದಾಳೋ ಇಲ್ಲವೋ.

ತೋರುವುದೊಂದು, ಬರುವುದೊಂದು

ಮೊದಲು ಒದ್ದೆ ಸ್ಪಂಜಿನಿಂದ ಕಪ್ಪನ್ನು ಒರೆಸಬೇಕು. ಧೂಳಿದ್ದರೆ ಬಣ್ಣ ಹಿಡಿಯುವುದಿಲ್ಲ. ಒರೆಸಿದೆ, ನೀರು ಕಣ್ಣ ಮುಂದೆಯೇ ಒಳಗೆ ಇಂಗಿಹೋಯಿತು, ಮೂಗಿಗೆ ಆ ವಾಸನೆ ಬಂತು. ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಬರುವ ವಾಸನೆ. ಚಿಕ್ಕವನಿದ್ದಾಗ ನಾವು ಹೊಸ ಮಡಕೆಯ ಕಂಠಕ್ಕೆ ನಾಲಿಗೆ ತಾಗಿಸಿ ಅದು ಚುಂಯ್ ಅಂತ ಅಂಟಿಕೊಳ್ಳುವುದನ್ನು ನೋಡುತ್ತಿದ್ದೆವು. ಸುತ್ತ ನೋಡಿದೆ. ನಾಲಿಗೆ ತಾಗಿಸುವ ಧೈರ್ಯ ಬರಲಿಲ್ಲ.

ಬಣ್ಣಗಳ ಕತೆ ಬೇರೆ. ಪುಟ್ಟ ಬಟ್ಟಲುಗಳಲ್ಲಿ ಕೊಡುವ ಬಣ್ಣಗಳೆಲ್ಲ ಸುಣ್ಣ ಬೆರೆಸಿದ ಹಾಗೆ ಮಂಕಾಗಿರುತ್ತವೆ. ನೀಲಿ ಅಂದರೆ ಒಗೆದು ಒಗೆದು ಮಾಸಿದ ಸ್ಕೂಲ್ ಯೂನಿಫಾರಂ. ಕೆಂಪು ಅಂದರೆ ಹಲ್ಲುಪುಡಿ. ನಿಜವಾದ ಬಣ್ಣ ನೋಡಬೇಕಾದರೆ ಗೋಡೆಗೆ ತೂಗುಹಾಕಿದ ಸುಟ್ಟ ಬಿಲ್ಲೆಗಳನ್ನು ನೋಡಬೇಕು. ಬೆಂಕಿಗೆ ಹೋಗಿ ಬಂದ ಮೇಲೇ ನೀಲಿ ನೀಲಿಯಾಗುವುದು. ಒಂದು ಸಲ ಹಚ್ಚಿದರೆ ಕುಂಚದ ಗೆರೆ ಗೆರೆ ಕಾಣುತ್ತದೆ, ಮೂರು ಸಲ ಹಚ್ಚಬೇಕು. ಕೈಗೆ ಎಣ್ಣೆ, ಕ್ರೀಮು ಇದ್ದರೆ ಅದು ತಾಗಿದ ಜಾಗದಲ್ಲಿ ಹೊಳಪು ನಿಲ್ಲುವುದಿಲ್ಲ. ಪೆನ್ಸಿಲ್ಲಿನಲ್ಲಿ ಎಷ್ಟು ಬೇಕಾದರೂ ಗೀಚಬಹುದು, ಅದೆಲ್ಲ ಗೂಡಿನಲ್ಲಿ ಸುಟ್ಟುಹೋಗುತ್ತದೆ.

ಕಾಣುವ ಬಣ್ಣ ಬೇರೆ, ಬರುವ ಬಣ್ಣ ಬೇರೆ ಅನ್ನುವುದು ಮೈಸೂರಿನವರಿಗೆ ಹೊಸದಾಗಬಾರದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇವತ್ತಿನ ಮೈಸೂರ್ ಪೇಂಟ್ಸ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಾಕುವ ಶಾಯಿ ಅಲ್ಲಿಂದ ಹೋಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು, ಬೆಳಕು ಬಿದ್ದ ಮೇಲೆ ಕಪ್ಪಾಗುತ್ತದೆ. ಬೂತಿನಲ್ಲಿ ನೇರಳೆ, ಮನೆಗೆ ಬರುವಷ್ಟರಲ್ಲಿ ಕಪ್ಪು. ಬೆರಳಿನ ಮೇಲಿನ ಆ ಬಣ್ಣವನ್ನು ಬಿಸಿಲು ಮಾಡುತ್ತದೆ, ಕಾಫಿ ಕಪ್ಪಿನ ಮೇಲಿನದನ್ನು ಬೆಂಕಿ. ಹಚ್ಚಿದವರದ್ದು ಅರ್ಧ ಕೆಲಸ. (ಇದನ್ನು ಮಗಳಿಗೆ ಹೇಳಿದೆ. “ಅಪ್ಪ, ಪ್ಲೀಸ್” ಅಂದಳು.)

ನನಗೆ ಚಿತ್ರ ಬರುವುದಿಲ್ಲ. ಕಪ್ಪಿನ ಸುತ್ತ ಎರಡು ಗೆರೆ, ನಡುವೆ ಚುಕ್ಕಿ, ಅಷ್ಟು ಸಾಕು ಅಂತ ಕೂತೆ. ಆ ಎರಡು ಗೆರೆಗೇ ಬೆವರು ಬಂತು. ಕಪ್ಪನ್ನು ಮೇಜಿನ ಮೇಲಿಟ್ಟು ಅದರ ಸುತ್ತ ಕುಂಚ ಎಳೆದರೆ, ಶುರುವಾದ ಜಾಗಕ್ಕೂ ಮುಗಿದ ಜಾಗಕ್ಕೂ ಅರ್ಧ ಇಂಚು ವ್ಯತ್ಯಾಸ. ಸ್ಪಂಜಿನಲ್ಲಿ ಒರೆಸಿದೆ. ಮತ್ತೆ ಎಳೆದೆ. ಈ ಸಲ ಗೆರೆ ಹೊಟ್ಟೆ ಬಿಟ್ಟಿತು. ಮತ್ತೆ ಒರೆಸಿದೆ. ನಾಲ್ಕನೇ ಸಲ ಒರೆಸುವಾಗ ಆ ಒದ್ದೆ ಮಣ್ಣಿನ ವಾಸನೆ ಮತ್ತೆ ಬಂತು, ಜೊತೆಗೇ ಒಂದು ಕೈ ನೆನಪಾಯಿತು.

ಶೆಟ್ಟರ ಮನೆ

1987ರ ಬೇಸಿಗೆ, ಚಿಕ್ಕಪ್ಪನ ಮದುವೆ. ಮದುವೆಯ ಹಿಂದಿನ ದಿನ ಕುಂಬಾರರ ಮನೆಯಿಂದ ಅರಿವೇಣಿ ತರಬೇಕು. ಕೆಲವು ಕಡೆ ಐರಾಣಿ ಅನ್ನುತ್ತಾರೆ. ಸುಣ್ಣ ಮತ್ತು ಕೆಮ್ಮಣ್ಣಿನಲ್ಲಿ ಬರೆದ ಮಡಕೆಗಳು. ವಾಲಗ ಊದಿಸಿಕೊಂಡು, ಹೆಂಗಸರು ತಲೆಯ ಮೇಲೆ ಹೊತ್ತು ತರುತ್ತಾರೆ. ಅವು ರೆಡಿ ಇವೆಯಾ ನೋಡಿಕೊಂಡು ಬಾ ಅಂತ ಬೆಳಗ್ಗೆಯೇ ನನ್ನನ್ನು ಓಡಿಸಿದರು. ನನಗೆ ಒಂಬತ್ತು ವರ್ಷ.

ಊರಿನ ಕೆರೆ ಏರಿಯ ಕೆಳಗೆ ಕುಂಬಾರ ಶೆಟ್ಟರ ಮನೆ. ಶೆಟ್ಟರು ಮನೆಯಲ್ಲಿ ಇರಲಿಲ್ಲ. ಅವರ ಹೆಂಡತಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಮಡಕೆ. ಪಕ್ಕದಲ್ಲಿ ತೆಂಗಿನ ಚಿಪ್ಪುಗಳಲ್ಲಿ ಸುಣ್ಣ, ಕೆಮ್ಮಣ್ಣು. ಕೈಯಲ್ಲಿ ತುದಿ ಜಜ್ಜಿ ನಾರು ಮಾಡಿದ ಈಚಲ ಕಡ್ಡಿ. ನನಗೆ ಚೆನ್ನಾಗಿ ನೆನಪಿರುವುದು ಆ ಬಲಗೈ. ಅದು ಅಲುಗುತ್ತಲೇ ಇರಲಿಲ್ಲ. ಮೊಣಕೈಯನ್ನು ಮಂಡಿಗೆ ಊರಿ, ಕಡ್ಡಿಯನ್ನು ಮಡಕೆಗೆ ತಾಗಿಸಿ ಸುಮ್ಮನೆ ಹಿಡಿದಿದ್ದರು. ತಿರುಗುತ್ತಿದ್ದುದು ಮಡಕೆ. ಎಡಗೈ ಅದನ್ನು ತೊಡೆಯ ಮೇಲೆ ಮೆಲ್ಲಗೆ ಉರುಳಿಸುತ್ತಿತ್ತು, ಬಿಳೀ ಗೆರೆ ತಾನೇ ಬಂದು ಸುತ್ತಿಕೊಳ್ಳುತ್ತಿತ್ತು. ಬಾಯಲ್ಲಿ ಎಲೆಅಡಿಕೆ, ಯಾರ ಜೊತೆಗೋ ಎಮ್ಮೆಯ ವಿಷಯ ಮಾತು. ಮಡಕೆಯ ಕಡೆ ಅರ್ಧ ಕಣ್ಣು ಕೂಡ ಇರಲಿಲ್ಲ.

ನಾನು ಕಂಬ ಹಿಡಿದು ನಿಂತೇ ಇದ್ದೆ. “ಏನ್ಲಾ ಮಗ, ಚುಕ್ಕಿ ಇಕ್ಕೀಯಾ?” ಎಂದು ಕಡ್ಡಿ ಕೊಟ್ಟರು. ಎರಡು ಗೆರೆಗಳ ನಡುವೆ ಕೆಮ್ಮಣ್ಣಿನ ಚುಕ್ಕಿ ಇಟ್ಟೆ. ಏಳೋ ಎಂಟೋ. ಒಂದು ಜಾರಿ ಕೆಳಗೆ ಇಳಿಯಿತು. ಅವರು ಏನೂ ಅನ್ನಲಿಲ್ಲ, ಮಿಕ್ಕ ಚುಕ್ಕಿ ತಾವೇ ಇಟ್ಟು ಮಡಕೆಯನ್ನು ಸಾಲಿನಲ್ಲಿಟ್ಟರು.

ಸಂಜೆ ಚಪ್ಪರದಲ್ಲಿ ಅರಿವೇಣಿ ಇಳಿಸಿದಾಗ ನಾನು ಮಾಡಿದ್ದು ಒಂದೇ ಕೆಲಸ. ಬಂದವರನ್ನೆಲ್ಲ ಕೈಹಿಡಿದು ಎಳೆದುಕೊಂಡು ಹೋಗಿ, ಜಾರಿದ ಚುಕ್ಕಿಯ ಮಡಕೆ ತೋರಿಸಿ “ಇದು ನಾನು ಮಾಡಿದ್ದು” ಅನ್ನುವುದು. ಚುಕ್ಕಿ ಇಟ್ಟಿದ್ದು ಅಂತ ಒಂದು ಸಲವೂ ಹೇಳಲಿಲ್ಲ. ಮಾಡಿದ್ದು ಅಂತಲೇ. ನಮ್ಮ ಮಾವ ಒಬ್ಬರು “ಹಂಗಾದ್ರೆ ನಾಳಿಂದ ಶೆಟ್ರ ಮನೇಲೇ ಇರು ಹೋಗು” ಅಂತ ರೇಗಿಸಿದರು. ಎಲ್ಲರೂ ನಕ್ಕರು. ಶೆಟ್ಟರು ಅಲ್ಲೇ ಚಪ್ಪರದ ಕಂಬದ ಹತ್ತಿರ ನಿಂತಿದ್ದರು, ಪಡಿ ಇಸಿದುಕೊಳ್ಳಲು. ಅಕ್ಕಿ, ಬೆಲ್ಲ, ಕಾಯಿ, ಎಲೆಅಡಿಕೆ, ಮೇಲೊಂದಿಷ್ಟು ದುಡ್ಡು. ಅವರು ನಗಲಿಲ್ಲ. ಬಗ್ಗಿ ಮಡಕೆ ನೋಡಿದರು, ಗೆಣ್ಣಿನಿಂದ ಒಮ್ಮೆ ತಟ್ಟಿದರು.

“ಊಂ ಕಣಪ್ಪ. ನೀನೇ ಮಾಡಿದ್ದು” ಅಂದರು. ಪಡಿಯ ಗಂಟು ಹೆಗಲಿಗೆ ಹಾಕಿಕೊಂಡು ಹೋದರು.

ಕೆರೆಯಿಂದ ಮಣ್ಣು ಹೊತ್ತು ತಂದವರು, ಅದನ್ನು ತುಳಿದವರು, ತಿಗರಿ ತಿರುಗಿಸಿದವರು, ಒಳಗೆ ಗುಂಡುಕಲ್ಲು ಕೊಟ್ಟು ಹೊರಗೆ ಹಲಗೆಯಿಂದ ಬಡಿದು ಬಡಿದು ಹೊಟ್ಟೆ ಉಬ್ಬಿಸಿದವರು, ಬೆರಣಿ ಹುಲ್ಲು ಒಟ್ಟಿ ಆವಿಗೆ ಹಾಕಿ ರಾತ್ರಿಯೆಲ್ಲ ಕಾದವರು. ಅಷ್ಟನ್ನೂ ಮಾಡಿದವರು ಎಂಟು ಚುಕ್ಕಿ ಇಟ್ಟ ಹುಡುಗನಿಗೆ ಆ ಮಾತನ್ನು ಹಾಗೆ ಕೊಟ್ಟುಬಿಟ್ಟರು. ಆಗ ಅದು ನನಗೆ ಸಹಜವಾಗಿಯೇ ಕಂಡಿತ್ತು. ನಾನೇ ತಾನೇ ಮಾಡಿದ್ದು.

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಇದು ‘ಹಳ್ಳಿ ಎಷ್ಟು ಚೆಂದ’ ಅನ್ನುವ ಬರಹವಾಗಿಬಿಡುತ್ತದೆ. ಶೆಟ್ಟರ ದೊಡ್ಡತನದ ಹಿಂದೆ ಲೆಕ್ಕದ ಕಷ್ಟ ಇತ್ತು. ಊರಿನ ಆಯಗಾರರಲ್ಲಿ ಕುಂಬಾರರೂ ಒಬ್ಬರು. ವರ್ಷವಿಡೀ ಮಡಕೆ ಕೊಟ್ಟರೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಅಂತ ರಾಗಿ, ಭತ್ತ. ಕಣದಲ್ಲಿ ಅವರ ಸರದಿ ಬರುವ ಹೊತ್ತಿಗೆ ರಾಶಿ ಎಷ್ಟು ಉಳಿದಿರುತ್ತಿತ್ತು ಅನ್ನುವುದು ಬೇರೆ ಮಾತು. ಒಂದು ಕಾಲಕ್ಕೆ ಮನೆಗಳ ಸೂರಿಗೆ ನಾಡಹಂಚೂ ಅವರದ್ದೇ. ತಿಗರಿಯ ಮೇಲೆ ಕೊಳವೆಯ ಹಾಗೆ ಎತ್ತಿ, ಉದ್ದಕ್ಕೆ ಸೀಳಿ ಎರಡು ಮಾಡಿದರೆ ಎರಡು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಯ ಚಪ್ಪಟೆ ಹಂಚು ನಮ್ಮೂರು ಮುಟ್ಟಲು ನೂರು ವರ್ಷ ತೆಗೆದುಕೊಂಡಿತು, ಆದರೆ ಮುಟ್ಟಿತು. ಆಮೇಲೆ ಅಲ್ಯೂಮಿನಿಯಂ, ಅದರ ಹಿಂದೆ ಪ್ಲಾಸ್ಟಿಕ್ ಕೊಡ. ಶೆಟ್ಟರ ಇಬ್ಬರು ಮಕ್ಕಳೂ ತಿಗರಿ ಮುಟ್ಟಲಿಲ್ಲ, ಅವರು ಮುಟ್ಟಿಸಲೂ ಇಲ್ಲ. ಒಬ್ಬ ಮೈಸೂರಿನಲ್ಲಿ ಟೈರ್ ಫ್ಯಾಕ್ಟರಿಗೆ ಸೇರಿದ. ಸರಿಯಾಗಿಯೇ ಮಾಡಿದರು. ನಾನೂ ಹೊಲ ಬಿಟ್ಟು ಬಂದವನೇ ಅಲ್ವಾ.

ಗೆರೆ ಬಂತು

ನೆನಪು ಬಂದ ಮೇಲೆ ಮಾಡಿ ನೋಡದೆ ಇರಲಾಗಲಿಲ್ಲ. ಮೊಣಕೈ ಮೇಜಿಗೆ ಊರಿದೆ. ಕುಂಚವನ್ನು ಕಪ್ಪಿಗೆ ತಾಗಿಸಿ ಹಿಡಿದೆ. ಎಡಗೈಯಲ್ಲಿ ಕಪ್ಪನ್ನು ತಿರುಗಿಸಿದೆ. ಗೆರೆ ಬಂತು! ಸುತ್ತು ಮುಗಿದು ತುದಿಗೆ ತುದಿ ಸೇರಿತು. ಹೆಚ್ಚೂ ಕಡಿಮೆ ಸೇರಿತು. ಹುಡುಗಿ ನೋಡಿ, “ಸರ್, ಅದಕ್ಕೆ ನಮ್ಮ ಹತ್ರ ತಿರುಗೋ ಹಲಗೆ ಇದೆ, ಕೇಳಿದ್ರೆ ಕೊಡ್ತಿದ್ದೆ” ಎಂದು ಒಂದು ಪುಟ್ಟ ಕಬ್ಬಿಣದ ಚಕ್ರ ತಂದಿಟ್ಟಳು. ಬೇಡ ಅಂದೆ. ಆ ಹೊತ್ತಿಗೆ ನನಗೆ ಸ್ವಲ್ಪ ಗರ್ವ ಬಂದಿತ್ತು. ಎರಡು ಗೆರೆ ಅಂದುಕೊಂಡಿದ್ದು ಐದಾಯಿತು. ನಡುವೆ ಚುಕ್ಕಿ. ಮಗಳು ತನ್ನ ತಟ್ಟೆಯ ಮೇಲೆ ಆನೆ ಬರೆದು ಅದಕ್ಕೆ ಅಂಬಾರಿ ಬರೆಯಲು ಹೋಗಿ ಕಸಿವಿಸಿಯಲ್ಲಿದ್ದಳು. ಅವ್ವ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು.

ಆಮೇಲೆಯೇ ಆ ಮಾತು ಬಂದದ್ದು. ಕೆಳಗಡೆ ಹೆಸರು ಬರೆದುಬಿಡಿ ಸರ್.

ಬರೆಯುವ ಮೊದಲು ನನ್ನ ತಲೆಯಲ್ಲಿ ಓಡಿದ್ದು ಇದು. ಶೆಟ್ಟರ ಮಡಕೆಯ ಅಡಿಯಲ್ಲಿ ಏನೂ ಬರೆದಿರಲಿಲ್ಲ. ಅಡಿ ಗುಂಡಗಿತ್ತು, ಬರೆಯುವ ಜಾಗವೇ ಅಲ್ಲ ಅದು. ಬರೆದಿದ್ದರೂ ಮಸಿ ಮುಚ್ಚುತ್ತಿತ್ತು. ಊರಿನಲ್ಲಿ ಮಾಡುವವರು ಒಂದೇ ಮನೆಯವರು, ಹೆಸರು ಯಾಕೆ ಬೇಕು? ಇಲ್ಲಿ ಎಲ್ಲ ಕಪ್ಪೂ ಒಂದೇ ಅಚ್ಚಿನಿಂದ ಬಂದದ್ದು, ಹೆಸರು ಇಲ್ಲದಿದ್ದರೆ ಕಪ್ಪುಗಳು ಬದಲಾಗುತ್ತವೆ. ಹಾಗಾಗಿ ಇದು ಗರ್ವದ ಪ್ರಶ್ನೆಯಲ್ಲ, ಗುರುತಿನ ಚೀಟಿ ಅಷ್ಟೇ ಅಂತ ಸಮಾಧಾನ ಹೇಳಿಕೊಂಡೆ. ಅರ್ಧ ಒಪ್ಪಿಗೆಯಾಯಿತು. ಇನ್ನರ್ಧಕ್ಕೆ ಅಚ್ಚು ಹೊಯ್ದವರು ಯಾರು ಅಂತ ಹುಡುಗಿಯನ್ನು ಕೇಳಿದೆ. ಒಂದಷ್ಟು ಅವಳೇ, ಒಂದಷ್ಟು ಬೆಳಗ್ಗೆ ಬರುವ ಇನ್ನೊಬ್ಬ ಅಕ್ಕ. “ಈ ಕಪ್ಪು ಯಾರ್ದು?” ಎಂದೆ. ಕಪ್ಪನ್ನು ತಿರುಗಿಸಿ ನೋಡಿದಳು. “ಗೊತ್ತಾಗಲ್ಲ ಸರ್” ಎಂದು ನಕ್ಕು, “ಈಗ ನಿಮ್ದೇ” ಎಂದಳು.

ಆ ನಗುವಿಗೆ ನನಗೆ ಶೆಟ್ಟರ ಪಡಿಯ ಗಂಟು ನೆನಪಾಯಿತು.

ಮುಂದೆ ಏನಾಗುತ್ತದೆ ಅಂತಲೂ ಅವಳೇ ತೋರಿಸಿದಳು. ಹಿಂದಿನ ಕೋಣೆಯಲ್ಲಿ ಒಂದು ಬಕೆಟ್ಟು, ಅದರಲ್ಲಿ ಹಾಲಿನಂಥದ್ದು. ನುಣ್ಣಗೆ ಅರೆದ ಗಾಜಿನ ಪುಡಿಯಂಥದ್ದನ್ನು ನೀರಿನಲ್ಲಿ ಕದಡಿದ್ದು. ಬಣ್ಣ ಹಚ್ಚಿದ ಕಪ್ಪನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಮುಳುಗಿಸಿ ತೆಗೆದರೆ, ಎರಡು ಗಂಟೆ ಕೂತು ಮಾಡಿದ ಚಿತ್ರವೆಲ್ಲ ಮಾಯ. ಬರೀ ಬಿಳಿ. ಯಾರದೋ ತಟ್ಟೆಯನ್ನು ಹಾಗೆ ಮುಳುಗಿಸಿದಾಗ ಮಗಳು “ಅಯ್ಯೋ” ಅಂದುಬಿಟ್ಟಳು. ಗೂಡಿನಲ್ಲಿ ಆ ಪುಡಿ ಕರಗಿ ಗಾಜಾಗುತ್ತದೆ, ಅದರೊಳಗಿಂದ ಚಿತ್ರ ಮತ್ತೆ ಬರುತ್ತದೆ. ಅಡಿಯಲ್ಲೂ ಹೊಳಪು ಇರುವುದರಿಂದ ಗೂಡಿನ ಹಲಗೆಗೆ ಅಂಟದಂತೆ ಮೂರು ಮೊನೆಯ ಸಣ್ಣ ಕಾಲುಗಳ ಮೇಲೆ ನಿಲ್ಲಿಸುತ್ತಾರೆ. ಕಾಯುವುದಕ್ಕೆ ಎಷ್ಟೋ ಗಂಟೆ, ಆರುವುದಕ್ಕೆ ಅದಕ್ಕಿಂತ ಜಾಸ್ತಿ. ಅವಸರಕ್ಕೆ ಬಾಗಿಲು ತೆಗೆದರೆ ತಣ್ಣನೆ ಗಾಳಿ ತಾಗಿ ಠುಸ್. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಗಾಳಿಗೆ ನಿಮಿಷವೂ ಬೇಡ.

ಹತ್ತು ದಿನದ ನಂತರ

ಅವ್ವ ಊರಿಗೆ ಹೋಗಿದ್ದಳು. ನಾನೇ ಆಫೀಸು ಮುಗಿಸಿ ಹೋಗಿ ತಂದೆ. ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು. ಬಿಚ್ಚಿದರೆ ನೀಲಿ ನಿಜವಾಗಿಯೂ ನೀಲಿಯಾಗಿತ್ತು. ಮಳೆ ಬಂದು ನಿಂತ ಮೇಲೆ ಚಾಮುಂಡಿಬೆಟ್ಟ ಕಾಣುತ್ತದಲ್ಲ, ಆ ನೀಲಿ. ಐದು ಗೆರೆಗಳಲ್ಲಿ ಮೂರು ನೆಟ್ಟಗಿದ್ದವು. ಮಗಳ ಆನೆ ಅಂಬಾರಿ ಇಲ್ಲದೆಯೂ ಚೆನ್ನಾಗಿತ್ತು. ಕಪ್ಪನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ನನ್ನ ಹೆಸರು ಗಾಜಿನ ಕೆಳಗೆ ಫಳಫಳ ಹೊಳೆಯುತ್ತಿತ್ತು. ಅದರ ಸುತ್ತ ಮೂರು ಸಣ್ಣ ಚುಕ್ಕಿ, ಮುಳ್ಳು ಚುಚ್ಚಿದ ಹಾಗೆ. ಗೂಡಿನೊಳಗೆ ಅದನ್ನು ನಿಲ್ಲಿಸಿದ ಕಾಲುಗಳ ಗುರುತು. ಇಡೀ ಕಪ್ಪಿನ ಮೇಲೆ ಬೇರೆಯವರ ಕೆಲಸದ ಗುರುತು ಉಳಿದದ್ದು ಅಷ್ಟೇ.

ಮಾರನೇ ದಿನ ಬೆಳಗ್ಗೆ ಅದರಲ್ಲೇ ಕಾಫಿ ಕೇಳಿದೆ. ಪೇಪರ್ ಓದುತ್ತಾ ಕುಡಿದು, ಕಪ್ಪು ಎತ್ತಿದರೆ ಮೇಜಿನ ಮೇಲೆ ಬಳೆಯ ಹಾಗೆ ಕಂದು ಗೆರೆ. ಒರೆಸಿದೆ. ಮಧ್ಯಾಹ್ನ ಬರೀ ನೀರು ತುಂಬಿಸಿಟ್ಟೆ. ಒಂದು ಗಂಟೆಯ ನಂತರ ಮತ್ತೆ ಬಳೆ. ಬೆಳಕಿಗೆ ಹಿಡಿದು ಎಷ್ಟು ಹುಡುಕಿದರೂ ಬಿರುಕು ಕಾಣಲಿಲ್ಲ. ಕೊನೆಗೆ ಎಡಗೈ ಬೆರಳ ಮೇಲೆ ಕೂರಿಸಿಕೊಂಡು ಗೆಣ್ಣಿನಿಂದ ತಟ್ಟಿದೆ. ಕಪಾಟಿನ ಇನ್ನೊಂದು ಕಪ್ಪು ತೆಗೆದು ತಟ್ಟಿದೆ. ಮತ್ತೆ ಇದು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಏನ್ರೀ ಇದು, ಅತ್ತೆಯ ಹಾಗೆ?” ಎಂದಳು.

ಸ್ಟುಡಿಯೋದವರಿಗೆ ಹೇಳಿದ್ದರೆ ಇನ್ನೊಂದು ಕೊಡುತ್ತಿದ್ದರೇನೋ. ಹೇಳಲಿಲ್ಲ. ಈಗ ಅದರಲ್ಲಿ ಪೆನ್ನುಗಳಿವೆ.

ಹೋದ ಭಾನುವಾರ ಅವ್ವನಿಗೆ ಫೋನ್ ಮಾಡಿದಾಗ ಒಂದು ವಿಷಯ ಕೇಳಬೇಕು ಅಂತಲೇ ಮಾಡಿದೆ. ಇಷ್ಟೆಲ್ಲ ಬರೆಯಲು ಕೂತಾಗ ಗೊತ್ತಾದದ್ದು ಅದು. ಶೆಟ್ಟರ ಮುಖ, ಪಡಿಯ ಗಂಟು, ಅವರ ಹೆಂಡತಿಯ ಮೊಣಕೈ, ಚಿಪ್ಪಿನಲ್ಲಿದ್ದ ಕೆಮ್ಮಣ್ಣು ಎಲ್ಲ ನೆನಪಿದೆ. ಹೆಸರು ಇಲ್ಲ.

“ಅವ್ವ, ಕೆರೆ ಏರಿ ಕೆಳಗೆ ಇದ್ರಲ್ಲ ಕುಂಬಾರ ಶೆಟ್ರು, ಅವರ ಹೆಸರೇನು?”

“ಶೆಟ್ರು ಅಂತಿದ್ವಲ್ಲ.”

“ಅದಲ್ಲ, ಹೆಸರು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಕೋಳಿ ಕೂಗಿತು.

“ಶೆಟ್ರು ಅಂತ್ಲೇ ಕನ್ಲಾ ಎಲ್ರೂ ಅಂತಿದ್ದಿದ್ದು. ನಿಮ್ಮಪ್ಪ ಇದ್ದಿದ್ರೆ ಹೇಳೋರೇನೋ.” ಮತ್ತೆ ತಾನೇ ಮಾತು ತಿರುಗಿಸಿದಳು. “ಅದಿರ್ಲಿ, ನಿನ್ ಕಪ್ಪು ಬಂತಾ?”

“ಬಂತು.”

“ಸೋರ್ತದಾ?”

“ಇಲ್ಲ ಕನವ್ವ” ಅಂದೆ.